ಮನೆ ಕಾಯುವ ಜಾಗ

2023ರ ಮಳೆಗಾಲದಲ್ಲಿ ಹದಿನೈದು ದಿನ ನಮ್ಮ ಊಟದ ಮೇಜಿನ ಮೇಲೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪ ಹಾಸಿಕೊಂಡಿತ್ತು. ಮಗ ಅದನ್ನು ನಾಲ್ಕು ಹಾಳೆಗಳಲ್ಲಿ ಪ್ರಿಂಟ್ ಹಾಕಿಸಿ ತಂದು ಅಂಟಿಸಿದ್ದ. ಊಟಕ್ಕೆ ಕೂರುವಾಗ ಮಡಿಸುವುದು, ಕೈ ತೊಳೆದು ಬಂದು ಮತ್ತೆ ಬಿಡಿಸುವುದು. ನಕ್ಷೆಯ ಮೇಲೆ ಅವನು ಕೆಂಪು ಪೆನ್ನಿನಲ್ಲಿ ಹದಿನಾಲ್ಕು ಸುತ್ತು ಹಾಕಿದ್ದ. ಬಂಜಿ, ಸ್ಕೈಡೈವ್, ಪ್ಯಾರಾಗ್ಲೈಡಿಂಗ್, ಜೆಟ್ ಬೋಟ್, ಕಯಾಕ್, ಹೆಲಿಕಾಪ್ಟರಿನಲ್ಲಿ ಇಳಿದು ಹಿಮನದಿಯ ಮೇಲೆ ನಡಿಗೆ, ಹೀಗೆ. ನಮಗಿದ್ದದ್ದು ಹನ್ನೊಂದು ದಿನ, ಬಾಡಿಗೆಯ ಒಂದು ಮೋಟರ್‌ಹೋಮ್. ಹೊರಡುವವರು ಐದು ಮಂದಿ: ನಾನು, ನಮ್ಮವರು, ಇಪ್ಪತ್ತರ ಮಗ, ಹನ್ನೊಂದರ ಮಗಳು, ಎಪ್ಪತ್ತೆರಡರ ಅತ್ತೆ.

ತಮ್ಮ ಕ್ರೈಸ್ಟ್‌ಚರ್ಚಿನಲ್ಲಿ ಕೆಲಸಕ್ಕಿದ್ದಾನೆ. ಪಟ್ಟಿಯನ್ನು ಅವನಿಗೆ ಕಳಿಸಿದೆವು. ಆ ರಾತ್ರಿಯೇ ಫೋನ್ ಮಾಡಿದ. "ಅಕ್ಕಾ, ನೀವು ಬಾಡಿಗೆಗೆ ಹಿಡಿದಿರುವುದು ಕಾರಲ್ಲ, ಮನೆ. ಒಂದು ಕಡೆಯಿಂದ ಹೊರಡಬೇಕಾದರೆ ಪ್ರತಿ ಸಲವೂ ಮನೆ ಕಟ್ಟಿಕೊಂಡೇ ಹೊರಡಬೇಕು. ಪಾತ್ರೆ ಒಳಗಿಡು, ಕಪಾಟಿನ ಚಿಲಕ ಹಾಕು, ಗ್ಯಾಸ್ ಮುಚ್ಚು, ಕರೆಂಟಿನ ವೈರ್ ಕೀಳು. ಇದನ್ನು ದಿನಕ್ಕೆ ಮೂರು ಸಲ ಮಾಡ್ತೀಯಾ?"

ಮಾಡಲಾಗದು ಎಂದು ನನಗೆ ಗೊತ್ತಾಯಿತು. ಆದರೆ ಹದಿನಾಲ್ಕರಲ್ಲಿ ಯಾವುದನ್ನು ಹೊಡೆದುಹಾಕುವುದು? ದರ ನೋಡಿ ಕೆಲವು ತೆಗೆದೆವು, ದೂರ ನೋಡಿ ಕೆಲವು. ಮಗ ತೆಗೆದದ್ದನ್ನು ಮರುದಿನ ಮತ್ತೆ ಸೇರಿಸುತ್ತಿದ್ದ. ಹೀಗಿರುವಾಗ ಒಂದು ಸಂಜೆ ಅತ್ತೆ ಮೇಜಿನ ತುದಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಾ ಕೇಳಿದರು: "ಇದರಲ್ಲಿ ನನ್ನದು ಯಾವುದು?"

ಹದಿನಾಲ್ಕು ಸುತ್ತುಗಳಲ್ಲಿ ಅವರದು ಒಂದೂ ಇರಲಿಲ್ಲ. ಅವರು ದೂರಿಗಾಗಿ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದರು. ಅದೇ ನನಗೆ ಹೆಚ್ಚು ನಾಟಿತು. ಆರು ಜನ ಮಲಗುವ ಗಾಡಿ ಹಿಡಿದದ್ದೇ ಅವರನ್ನೂ ಕರೆದುಕೊಂಡು ಹೋಗಲಿಕ್ಕೆ. ಹೋದಲ್ಲೆಲ್ಲ ಅವರನ್ನು ಒಳಗೆ ಕೂರಿಸಿ ನಾವು ಇಳಿದು ಹೋಗುವುದೆಂದರೆ ಅವರ ಪಾಲಿಗೆ ಅದು ಪ್ರವಾಸವೇ ಆಗುವುದಿಲ್ಲ, ಹನ್ನೊಂದು ದಿನದ ಕಾವಲು. ಮಗನಿಗೆ ಹೊಸ ಹಾಳೆ ಕೊಟ್ಟು ಹೇಳಿದೆ: ಒಬ್ಬೊಬ್ಬರಿಗೆ ಒಂದೇ ನಿಲುಗಡೆ. ಅದು ಯಾವುದೆಂದು ಅವರವರೇ ಹೇಳಬೇಕು. ಅದರ ಹತ್ತಿರ ಗಾಡಿ ಎರಡು ರಾತ್ರಿ ನಿಲ್ಲಬೇಕು.

ಮಗ ಬಂಜಿ ಎಂದ. ಮಗಳೂ ಬಂಜಿ ಎಂದಳು. ನಿಯಮ ಓದಿದರೆ ಕವರೌ ಸೇತುವೆಯ ಬಂಜಿಗೆ ಹತ್ತು ವರ್ಷ ತುಂಬಿರಬೇಕು, ಕನಿಷ್ಠ 35 ಕೆ.ಜಿ. ತೂಕ ಇರಬೇಕು. ಇವಳು 31. ಅತ್ತಳು. ಅಲ್ಲಿಗೆ ಹೋಗಿ ತೂಕದ ಯಂತ್ರದ ಮುಂದೆ ಅಳುವುದಕ್ಕಿಂತ ಮೈಸೂರಿನ ಊಟದ ಮೇಜಿನಲ್ಲಿ ಅತ್ತದ್ದು ಒಳ್ಳೆಯದಾಯಿತು. ಮಕ್ಕಳ ವಯಸ್ಸು, ಎತ್ತರ, ತೂಕ ಮೂರನ್ನೂ ಹಾಳೆಯ ಮೇಲೆ ಬರೆದಿಟ್ಟುಕೊಂಡೇ ಇಂಥ ಪಟ್ಟಿ ಮಾಡಬೇಕು. ಅವಳು ಜೆಟ್ ಬೋಟಿಗೆ ಒಪ್ಪಿದಳು. ನಮ್ಮವರು ಮಿಲ್ಫರ್ಡ್ ಸೌಂಡಿನಲ್ಲಿ ಕಯಾಕ್ ಕೇಳಿದರು. ನಾನು ಟೆಕಾಪೋ ಸರೋವರದ ಬಳಿ ನಕ್ಷತ್ರ ನೋಡಬೇಕೆಂದೆ. ಅತ್ತೆ ಎರಡು ದಿನ ಯೋಚಿಸಿ, "ನಡೆಯುವುದು ಏನಾದರೂ ಇದ್ದರೆ ನಡೆಯುತ್ತೇನೆ. ಹಾರುವುದು ಬೇಡ" ಎಂದರು. ತಮ್ಮ ಅವರಿಗಾಗಿ ಔರಾಕಿ ಮೌಂಟ್ ಕುಕ್‌ನ ಹೂಕರ್ ಕಣಿವೆಯ ದಾರಿಯನ್ನು ಸೂಚಿಸಿದ.

ಹೀಗೆ ಐದು ನಿಲುಗಡೆಗಳಾದವು. ಪಶ್ಚಿಮ ಕರಾವಳಿ ಇಡಿಯಾಗಿ ಹೋಯಿತು, ಅದರ ಜೊತೆಗೆ ಹಿಮನದಿಯ ನಡಿಗೆಯೂ. ಮಗನಿಗೆ ಈಗಲೂ ಆ ನೋವಿದೆ. ಫ್ರಾಂಜ್ ಜೋಸೆಫ್ ಹಿಮನದಿ ಕರಗಿ ಹಿಂದೆ ಸರಿದು, 2012ರಿಂದ ಕಣಿವೆಯಿಂದ ನಡೆದು ಅದರ ಮೇಲೆ ಹತ್ತುವುದು ನಿಂತುಹೋಗಿದೆ. ಹೆಲಿಕಾಪ್ಟರಿನಲ್ಲೇ ಹೋಗಬೇಕು. ಮೋಡ ಕವಿದರೆ ಹೆಲಿಕಾಪ್ಟರ್ ಏಳುವುದಿಲ್ಲ. ಒಂದು ಗಂಟೆಯ ಆಕಾಶವನ್ನು ನಂಬಿ ಮೂರು ದಿನದ ದಾರಿ ಹಿಡಿಯುವುದು ನನಗೆ ಸರಿ ಕಾಣಲಿಲ್ಲ.

ಎರಡು ರಾತ್ರಿ ಎಂದು ನಾನು ಹಟ ಹಿಡಿದದ್ದೂ ಆಕಾಶದ ಕಾರಣಕ್ಕೇ. ಆ ದ್ವೀಪದಲ್ಲಿ ಸಾಹಸ ನಡೆಸಿಕೊಡುವವರು ಗಾಳಿಯನ್ನು ನೋಡಿ, ನದಿಯ ಮಟ್ಟವನ್ನು ನೋಡಿ ಬೆಳಿಗ್ಗೆ ನಿರ್ಧಾರ ಹೇಳುತ್ತಾರೆ. ಆದ್ದರಿಂದ ಬುಕಿಂಗನ್ನು ಮೊದಲ ಬೆಳಿಗ್ಗೆಗೇ ಇಟ್ಟೆವು. ಅದು ತಪ್ಪಿದರೆ ಮಧ್ಯಾಹ್ನ ಇದೆ, ಮರುದಿನ ಇದೆ. ಹೊರಡುವ ದಿನದ ಬೆಳಿಗ್ಗೆಗೆ ಯಾವುದನ್ನೂ ಇಡಬಾರದು. ಇಟ್ಟರೆ ಗಡಿಯಾರ ನೋಡುತ್ತಲೇ ಗಾಡಿ ಓಡಿಸಬೇಕಾಗುತ್ತದೆ. ಏಳು ಮೀಟರ್ ಉದ್ದದ ಗಾಡಿಯನ್ನು ಗಡಿಯಾರ ನೋಡಿಕೊಂಡು ಓಡಿಸಬಾರದು. ಅಲ್ಲಿಯೂ ನಮ್ಮ ಹಾಗೆ ಎಡಬದಿಯ ಸಂಚಾರ, ನಮ್ಮ ಲೈಸೆನ್ಸ್ ಇಂಗ್ಲಿಷಿನಲ್ಲಿರುವುದರಿಂದ ನಡೆಯುತ್ತದೆ. ಆದರೆ ಒಂದೇ ಗಾಡಿ ಹಿಡಿಸುವ ಸೇತುವೆಗಳು ದಾರಿಯುದ್ದಕ್ಕೂ ಬರುತ್ತವೆ. ನಮ್ಮ ಕಡೆಯ ಬಾಣ ಕೆಂಪಾಗಿ ಚಿಕ್ಕದಿದ್ದರೆ ನಿಂತು ಎದುರಿನವರಿಗೆ ಬಿಡಬೇಕು. ಫೋನಿನ ನಕ್ಷೆ ಮೂರು ಗಂಟೆ ಎಂದರೆ ನಾವು ನಾಲ್ಕು ಎಂದು ಬರೆದುಕೊಂಡೆವು. ಒಮ್ಮೆಯೂ ಅದು ಹೆಚ್ಚಾಗಲಿಲ್ಲ.

ಬಾಡಿಗೆಯ ಕರಾರುಪತ್ರವನ್ನು ನಮ್ಮವರು ಪೂರ್ತಿ ಓದಿದರು. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ಕಣಿವೆಯ ರಸ್ತೆಗೂ ಮೌಂಟ್ ಕುಕ್‌ನ ಬಾಲ್ ಹಟ್ ರಸ್ತೆಗೂ ಬಾಡಿಗೆ ಗಾಡಿ ಒಯ್ದರೆ ವಿಮೆ ಇಲ್ಲ. ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ತೆರಿಗೆ ಬೇರೆ. ಎಲ್ಲೆಂದರಲ್ಲಿ ನಿಲ್ಲಿಸಿ ಮಲಗುವಂತೆಯೂ ಇಲ್ಲ. ಅದಕ್ಕೆ 2011ರಿಂದಲೇ ಕಾನೂನಿದೆ. 2023ರ ತಿದ್ದುಪಡಿಯಲ್ಲಿ ಶೌಚಾಲಯ ಗಾಡಿಗೇ ಜೋಡಿಸಿರಬೇಕು ಎಂದಾಯಿತು. ಕೊಳೆನೀರನ್ನು ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಬೇಕು. ನೋಡುವ ಸ್ಥಳಗಳ ಜೊತೆಗೆ ಈ ಜಾಗಗಳನ್ನೂ ನಕ್ಷೆಯ ಮೇಲೆ ಗುರುತಿಸಿದೆವು. ನಮ್ಮವರು ಆ ಕೆಲಸವನ್ನು ಹನ್ನೊಂದು ದಿನವೂ ಯಾರಿಗೂ ಬಿಡದೆ ತಾವೇ ಮಾಡಿದರು.

ಇನ್ನೊಂದು ವಿಷಯ ನನ್ನ ನಿದ್ದೆ ಕೆಡಿಸಿತ್ತು. 2019ರ ಡಿಸೆಂಬರ್ 9ರಂದು ಆ ದೇಶದ ಉತ್ತರ ಭಾಗದ ವಕಾರಿ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದಾಗ ಅಲ್ಲಿ 47 ಮಂದಿ ಇದ್ದರು. ಪ್ರವಾಸಿಗರು ಮತ್ತು ಅವರ ಮಾರ್ಗದರ್ಶಕರು. 22 ಮಂದಿ ಸತ್ತರು. ಅವರೂ ನಮ್ಮ ಹಾಗೆ ಬುಕ್ ಮಾಡಿ, ಹೆಲ್ಮೆಟ್ ಧರಿಸಿ ಹೋದವರೇ. ನ್ಯೂಜಿಲೆಂಡಿನಲ್ಲಿ ಸಾಹಸ ಚಟುವಟಿಕೆ ನಡೆಸುವವರು ಸುರಕ್ಷತಾ ತಪಾಸಣೆಗೆ ಒಳಗಾಗಿ ಸರ್ಕಾರದ ವರ್ಕ್‌ಸೇಫ್ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು. ಆ ಪಟ್ಟಿ ಯಾರಿಗೂ ನೋಡಲು ಸಿಗುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ನೋಡಿದ ಮೇಲೆಯೇ ದುಡ್ಡು ಕಟ್ಟಿದೆ. 1974ರಿಂದ ಅಲ್ಲಿ ಅಪಘಾತ ಪರಿಹಾರದ ವ್ಯವಸ್ಥೆ ಇದೆ. ಗಾಯಗೊಂಡವರು ಪ್ರವಾಸಿಗರಾದರೂ ಅಲ್ಲಿರುವಷ್ಟು ದಿನ ಚಿಕಿತ್ಸೆಯ ಖರ್ಚಿನಲ್ಲಿ ನೆರವು ಕೊಡುತ್ತಾರೆ. ತಪ್ಪು ಯಾರದು ಎಂದು ಕೇಳುವುದಿಲ್ಲ. ಅದರ ಬದಲಿಗೆ, ಗಾಯಕ್ಕೆ ನಷ್ಟ ತುಂಬಿಕೊಡಿ ಎಂದು ನಡೆಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಊರಿಗೆ ಮರಳುವ ಖರ್ಚಿಗೂ ಸಾಮಾನ್ಯ ಕಾಯಿಲೆಗೂ ಅದು ಒದಗುವುದಿಲ್ಲ. ಆದ್ದರಿಂದ ಪ್ರವಾಸದ ವಿಮೆ ಮಾಡಿಸುವಾಗ ಬಂಜಿ, ಕಯಾಕ್ ಎಂದು ಹೆಸರು ಹಿಡಿದು ಕೇಳಿ ಬರೆಸಿಕೊಂಡೆವು.

ನವೆಂಬರ್ ಮೂರನೆಯ ವಾರ ಕ್ವೀನ್ಸ್‌ಟೌನಿನಲ್ಲಿ ಗಾಡಿ ಕೈಗೆ ಬಂತು. ಅಲ್ಲಿ ಊರೊಳಗೆ ಅಷ್ಟು ದೊಡ್ಡ ಗಾಡಿ ನಿಲ್ಲಿಸಲು ಜಾಗವಿಲ್ಲ. ತಂಗುದಾಣದಲ್ಲಿ ಅದನ್ನು ಬಿಟ್ಟು, ಬಂಜಿಯವರದೇ ಬಸ್ಸು ಹತ್ತಿದೆವು. ಇದೂ ತಮ್ಮ ಹೇಳಿಕೊಟ್ಟದ್ದು: ಬಂದು ಕರೆದೊಯ್ಯುವವರಿದ್ದರೆ ಮನೆಯನ್ನು ಅಲುಗಾಡಿಸಬೇಡಿ.

ಕವರೌ ನದಿಯ ತೂಗುಸೇತುವೆ 1880ರದು, ಚಿನ್ನ ಅಗೆಯುವವರ ಕಾಲದ್ದು. 1988ರ ನವೆಂಬರಿನಲ್ಲಿ ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವಾನ್ ಆಶ್ ಅಲ್ಲಿ ಬಂಜಿ ಶುರು ಮಾಡಿದರು. ಅದಕ್ಕೂ ಹಿಂದಿನ ವರ್ಷ ಹ್ಯಾಕೆಟ್ ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಹಾರಿ ಪೊಲೀಸರ ಕೈಗೆ ಸಿಕ್ಕಿದ್ದರು. ಈ ಹಾರಾಟದ ಮೂಲ ವನುಅಟುವಿನ ಪೆಂಟೆಕೋಸ್ಟ್ ದ್ವೀಪದಲ್ಲಿದೆ. ಅಲ್ಲಿಯ ಗಂಡಸರು ಗೆಣಸಿನ ಬೆಳೆಯ ಕಾಲದಲ್ಲಿ ಕಾಲಿಗೆ ಬಳ್ಳಿ ಕಟ್ಟಿಕೊಂಡು ಮರದ ಅಟ್ಟದಿಂದ ಧುಮುಕುತ್ತಾರೆ. ಕವರೌ ಸೇತುವೆಯಿಂದ ನೀರಿಗೆ 43 ಮೀಟರ್. ಮಗನ ತೂಕ ನೋಡಿ ಅಂಗೈ ಹಿಂದೆ ಅಂಕಿ ಬರೆದರು, ಆ ತೂಕಕ್ಕೆ ತಕ್ಕ ಹಗ್ಗ ಆರಿಸಿದರು. ಕಾಲಿಗೆ ಟವೆಲ್ ಸುತ್ತಿ ಪಟ್ಟಿ ಕಟ್ಟುವಾಗ ಅವನು ಒಮ್ಮೆ ನಮ್ಮ ಕಡೆ ನೋಡಿದ. ಕೈ ಎತ್ತಬೇಕೋ ಬೇಡವೋ ತಿಳಿಯದೆ ನಾನು ಸುಮ್ಮನೆ ನಿಂತೆ. ಅವನು ಹಾರಿದ. ಅತ್ತೆ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ರಾತ್ರಿಯವರೆಗೂ ಅಲ್ಲಿ ಬೆರಳಿನ ಗುರುತಿತ್ತು. ದಡಕ್ಕೆ ಬಂದ ಮಗ ಬಹಳ ಹೊತ್ತು ಮಾತಾಡಲಿಲ್ಲ. ಅವನ ಪಟ್ಟಿಯಲ್ಲಿದ್ದ ಹಾಗೆ ಅದೇ ಮಧ್ಯಾಹ್ನ ಇನ್ನೊಂದಕ್ಕೆ ಓಡಿದ್ದರೆ ಆ ಮೌನಕ್ಕೆ ಎಡೆಯೇ ಇರುತ್ತಿರಲಿಲ್ಲ.

ಮಗಳ ಜೆಟ್ ಬೋಟ್ ಶಾಟೋವರ್ ನದಿಯಲ್ಲಿ. ಅದರಲ್ಲಿ ನೀರೊಳಗೆ ತಿರುಗುವ ರೆಕ್ಕೆ ಹೊರಗೆ ಇರುವುದಿಲ್ಲ. ದೋಣಿ ತಳದಿಂದ ನೀರನ್ನು ಹೀರಿ ಹಿಂದಿನಿಂದ ರಭಸವಾಗಿ ಚಿಮ್ಮಿಸುತ್ತದೆ. ಹಾಗಾಗಿ ಒಂದು ಗೇಣಿಗಿಂತ ಕಡಿಮೆ ನೀರಿದ್ದರೂ ಓಡುತ್ತದೆ. ಬಿಲ್ ಹ್ಯಾಮಿಲ್ಟನ್ ಎಂಬ ರೈತ 1950ರ ದಶಕದಲ್ಲಿ ತನ್ನ ಕುರಿ ಸಾಕುವ ಜಮೀನಿನ ವರ್ಕ್‌ಶಾಪಿನಲ್ಲಿ ಇದನ್ನು ಪಳಗಿಸಿದ. ಕಲ್ಲು ಕೊರಕಲಿನ ತೆಳ್ಳನೆಯ ನದಿಗಳಲ್ಲಿ ಮೇಲಕ್ಕೆ ಹೋಗಬೇಕೆಂಬ ಆಸೆ ಅವನಿಗೆ. ನಾಲ್ಕೈದು ದಿನ ಕಳೆದು ಪುಕಾಕಿ ದಾಟಿ ಟೆಕಾಪೋ ಕಡೆ ಹೋಗುವಾಗ ಆ ಜಮೀನು, ಐರಿಶ್‌ಮನ್ ಕ್ರೀಕ್, ರಸ್ತೆಯ ಪಕ್ಕದಲ್ಲೇ ಬಂತು. ಬಯಲು, ಒಣಹುಲ್ಲು, ಒಂದು ಚಿಕ್ಕ ತೊರೆ. ಮಗಳು ಗಾಡಿ ನಿಲ್ಲಿಸಲು ಹೇಳಿ ಇಳಿದು ಆ ತೊರೆಯನ್ನು ನೋಡಿದಳು. ಅದು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮಿಲ್ಫರ್ಡ್‌ನಲ್ಲಿ ನಮ್ಮವರ ಕಯಾಕ್ ಆಗಲಿಲ್ಲ. ಟೆ ಆನೌ ಊರಿನಲ್ಲಿ ತಂಗಿದ್ದೆವು, ಅಲ್ಲಿಂದ ಸುಮಾರು 120 ಕಿ.ಮೀ. ಮೊದಲ ಬೆಳಿಗ್ಗೆ ಮಳೆಗೆ ರಸ್ತೆಯೇ ಮುಚ್ಚಿತ್ತು. ಎರಡನೆಯ ದಿನ ರಸ್ತೆ ತೆರೆದರು, ಆದರೆ ಗಾಳಿಯಿದೆಯೆಂದು ಕಯಾಕಿನವರು ಬೇಡವೆಂದು ದುಡ್ಡು ಹಿಂದಿರುಗಿಸಿದರು. ದಾರಿಯಲ್ಲಿ ಹೋಮರ್ ಸುರಂಗ ಸಿಗುತ್ತದೆ. 1935ರಲ್ಲಿ ಕೆಲಸವಿಲ್ಲದವರ ಕೈಗೆ ಗುದ್ದಲಿ, ಪಿಕಾಸಿ ಕೊಟ್ಟು ಕೊರೆಯಲು ಶುರು ಮಾಡಿದ್ದು, ವಾಹನಗಳಿಗೆ ತೆರೆದದ್ದು 1954ರಲ್ಲಿ. ಉದ್ದ 1.2 ಕಿ.ಮೀ. ಬಂಡೆ ಈಗಲೂ ಒರಟಾಗಿಯೇ ಇದೆ. ಅದರ ಬಾಯಲ್ಲಿ ಕಾಯುವಾಗ ಕಿಯಾ ಎಂಬ ಹಸಿರು ಗಿಳಿಗಳು ಬಂದು ಗಾಡಿಯ ರಬ್ಬರನ್ನು ಕೊಕ್ಕಿನಿಂದ ಎಳೆದವು. ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ ಆರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಆಗುಂಬೆಯ ಮಳೆ ಕಂಡವರಿಗೆ ಆ ಲೆಕ್ಕ ಅರ್ಥವಾಗುತ್ತದೆ. ದೊಡ್ಡ ದೋಣಿಯಲ್ಲಿ ಐವರೂ ಹೋದೆವು. ಮಳೆ ಬಂದದ್ದರಿಂದ ಬಂಡೆಗಳ ಮೇಲೆಲ್ಲ ನೂರಾರು ಝರಿಗಳು ಇಳಿಯುತ್ತಿದ್ದವು. ದೋಣಿ ಸ್ಟರ್ಲಿಂಗ್ ಜಲಪಾತದ ಅಡಿಗೆ ಮೂತಿ ಇಟ್ಟಾಗ ನಮ್ಮವರು ಒಬ್ಬರೇ ಮುಂದೆ ನಿಂತು ಪೂರ್ತಿ ತೋಯ್ದರು. ದಡದಲ್ಲಿ ನೊರಜು ಮುತ್ತಿ ಕಚ್ಚಿತು. ಆ ಜಾಗದ ಚೆಲುವಿಗೆ ಮನುಷ್ಯರು ಮರುಳಾಗಿ ಅಲ್ಲೇ ಉಳಿದುಬಿಡಬಾರದೆಂದು ಹಿನೆನುಯಿಟೆಪೋ ದೇವತೆ ಅವನ್ನು ಬಿಟ್ಟಳೆಂದು ಮಾವೊರಿ ಜನರ ಕಥೆ.

ಲಿಂಡಿಸ್ ಕಣಿವೆ ಹತ್ತಿ ಇಳಿದು, ಪುಕಾಕಿ ಸರೋವರದ ಹಾಲುನೀಲಿಯನ್ನು ಬಲಕ್ಕಿಟ್ಟುಕೊಂಡು ಮೌಂಟ್ ಕುಕ್ ತಲುಪಿದಾಗ ಸಂಜೆ ಆರು. ಅಲ್ಲಿ ವೈಟ್ ಹಾರ್ಸ್ ಹಿಲ್ ಎಂಬ ತಂಗುದಾಣವಿದೆ, ಸರ್ಕಾರದ ಸಂರಕ್ಷಣಾ ಇಲಾಖೆಯದು. ಕರೆಂಟಿಲ್ಲ. ಆದರೆ ಹೂಕರ್ ಕಣಿವೆಯ ಕಾಲುದಾರಿ ಹೊರಡುವುದೇ ಅಲ್ಲಿಂದ. ಗಾಡಿಯ ಬಾಗಿಲು ತೆರೆದು ಮೆಟ್ಟಿಲಿಳಿದರೆ ದಾರಿ. ಮೋಟರ್‌ಹೋಮಿನ ನಿಜವಾದ ಉಪಕಾರ ನನಗೆ ಅಲ್ಲಿ ಕಂಡಿತು. ಎಪ್ಪತ್ತೆರಡರವರಿಗೆ ಬೆಟ್ಟದ ಕೆಳಗೆ ತಮ್ಮದೇ ಹಾಸಿಗೆ, ತಮ್ಮದೇ ಬಚ್ಚಲು, ಒಲೆಯ ಮೇಲೆ ಗಂಜಿ. ಸುಸ್ತಾದರೆ ಹಿಂದಿರುಗಬಹುದು, ಯಾರ ಬಸ್ಸೂ ಕಾಯಬೇಕಾಗಿಲ್ಲ, ಯಾರನ್ನೂ ಕಾಯಿಸಬೇಕಾಗಿಲ್ಲ.

ರಾತ್ರಿ ಸೆಫ್ಟನ್ ಶಿಖರದಿಂದ ಹಿಮ ಜರಿಯುವ ಸದ್ದು, ದೂರದ ಗುಡುಗಿನ ಹಾಗೆ. ಬೆಳಿಗ್ಗೆ ಆರಕ್ಕೇ ಅತ್ತೆ ಸ್ವೆಟರ್ ಹಾಕಿ ಕೂತಿದ್ದರು. ಶಾಲೆಯಲ್ಲಿ ಹಿಲರಿ-ತೇನ್‌ಸಿಂಗ್ ಪಾಠ ಓದಿದವರು ಅವರು. ಹಿಲರಿ ಎವರೆಸ್ಟಿಗೂ ಐದು ವರ್ಷ ಮೊದಲು, 1948ರಲ್ಲಿ, ಈ ಬೆಟ್ಟ ಹತ್ತಿದವರೆಂದು ಮಗ ಹೇಳಿದಾಗ ಎದ್ದು ನಿಂತು ನೋಡಿದರು. 1991ರಲ್ಲಿ ಶಿಖರದ ಬಂಡೆಯೇ ಕುಸಿದು ಬಿದ್ದು ಎತ್ತರ ಕಡಿಮೆಯಾಯಿತು. ಈಗ 3,724 ಮೀಟರ್. ಆದರೂ ಆ ದ್ವೀಪದಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ.

ಆಗ ದಾರಿ ಹೋಗಿ ಬರಲು 10 ಕಿ.ಮೀ. ಇತ್ತು, ಮೂರು ತೂಗುಸೇತುವೆ. ಅಷ್ಟನ್ನೂ ಮುಗಿಸಬೇಕೆಂಬ ಮಾತನ್ನು ನಾವು ಯಾರೂ ಆಡಲಿಲ್ಲ. ಆರಂಭದಲ್ಲೇ ಬೆಟ್ಟದಲ್ಲಿ ಸತ್ತವರ ಸ್ಮಾರಕವಿದೆ, ಅತ್ತೆ ಅಲ್ಲಿ ಕೈಮುಗಿದರು. ಪಕ್ಕದಲ್ಲಿ ಮೌಂಟ್ ಕುಕ್ ಲಿಲಿ ಎಂದು ಕರೆಯುವ ಬಿಳಿ ಹೂ ಅರಳಿತ್ತು. ಅದರ ಅಗಲವಾದ ದುಂಡನೆಯ ಎಲೆ ನೋಡಿ "ಎಷ್ಟು ದೊಡ್ಡ ತಿಮರೆ!" ಎಂದರು, ಅಂದರೆ ಒಂದೆಲಗ. ಆಮೇಲೆ ಮೊದಲ ಸೇತುವೆ ಬಂತು. ಕೆಳಗೆ ಹಿಮ ಕರಗಿದ ಬೂದಿಬಣ್ಣದ ನೀರು ಬಂಡೆಗೆ ಬಡಿದು ಹೋಗುತ್ತಿತ್ತು. ಗಾಳಿಗೆ ಹಲಗೆ ಅಲುಗುತ್ತಿತ್ತು. ಅವರ ಕೈ ಹಿಡಿಯಲು ಹೋದೆ. ಬೇಡ ಎಂದರು.

ಅತ್ತೆಯ ತವರು ಸುಳ್ಯದ ಹತ್ತಿರ, ಪಯಸ್ವಿನಿ ಹೊಳೆಯ ಆಚೆ ದಡ. ಮಳೆಗಾಲದಲ್ಲಿ ಅಡಕೆ ಮರದ ಸಂಕ ಕೊಚ್ಚಿಹೋದರೆ ಶಾಲೆಯಿಲ್ಲ, ಸಂತೆಯಿಲ್ಲ, ಹೆರಿಗೆಗೆ ಸೂಲಗಿತ್ತಿಯೂ ದಾಟಿ ಬರುವಂತಿಲ್ಲ. ಅವರ ಅಕ್ಕ ಅಂಥ ಒಂದು ಆಷಾಢದಲ್ಲಿ ಹೆರಿಗೆಯಲ್ಲಿ ತೀರಿಕೊಂಡವರು. 1989ರಲ್ಲಿ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜರು ಆ ಹೊಳೆಗೆ ತೂಗುಸೇತುವೆ ಕಟ್ಟಿದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅವರು ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅತ್ತೆ ಆ ಸೇತುವೆಯ ಮೇಲೆ ಮೊದಲ ಸಲ ತವರಿಗೆ ನಡೆದು ಹೋದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಇದನ್ನೆಲ್ಲ ನಾನು ಈ ಮನೆಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಕೇಳಿರಲಿಲ್ಲ. ಹೂಕರ್ ಸೇತುವೆಯ ಆಚೆ ತುದಿಯಲ್ಲಿ ಬಂಡೆಯ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಅವರು ಹೇಳಿದರು.

ಆ ದಿನ ಅಲ್ಲಿಂದಲೇ ಹಿಂದಿರುಗಿದೆವು. ಮಕ್ಕಳು ಮುಂದೆ ಹೋಗಿ ಹೂಕರ್ ಸರೋವರದಲ್ಲಿ ತೇಲುವ ಮಂಜುಗಡ್ಡೆ ನೋಡಿ ಬಂದರು. ಮರುದಿನ ಬೆಳಿಗ್ಗೆ ಅತ್ತೆ "ಇನ್ನೊಮ್ಮೆ ಹೋಗುವ" ಎಂದರು. ಎರಡು ರಾತ್ರಿ ಇಟ್ಟಿದ್ದರಿಂದ ಅದು ಆಯಿತು. ಎರಡನೆಯ ಸೇತುವೆಯನ್ನೂ ದಾಟಿದರು.

ಟೆಕಾಪೋದಲ್ಲಿ ಎರಡು ರಾತ್ರಿಯೂ ಮೋಡ. 2012ರಿಂದ ಆ ಸೀಮೆ ಕತ್ತಲನ್ನು ಕಾಪಾಡುವ ಅಂತರರಾಷ್ಟ್ರೀಯ ಮೀಸಲು ಪ್ರದೇಶ. ದೀಪಗಳನ್ನೂ ಕೆಳಮುಖವಾಗಿಯೇ ಹಾಕುತ್ತಾರೆ. ಒಂದು ನಕ್ಷತ್ರವೂ ನನಗೆ ಕಾಣಲಿಲ್ಲ. ನನ್ನ ನಿಲುಗಡೆ ಹಾಗೆಯೇ ಉಳಿದಿದೆ.

ಊರಿಗೆ ಬಂದ ಮೇಲೆ ಇಂಥ ಪ್ರವಾಸಕ್ಕೆ ಹೊರಟವರು ಕೆಲವರು ನನ್ನಲ್ಲಿ ಪಟ್ಟಿ ಕೇಳಿದ್ದಾರೆ. ಪಟ್ಟಿ ಕೊಡುತ್ತೇನೆ, ದೂರ, ದರ ಎಲ್ಲ ಬರೆದಿಟ್ಟಿದ್ದೇನೆ. ಆದರೆ ಮೊದಲು ನಕ್ಷೆಯನ್ನು ಮನೆಯ ಹಿರಿಯರ ಮುಂದೆ ಹಾಸಿ, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿ. ಅವರು ಹೇಳುವವರೆಗೆ ಬೇರೆ ಯಾವುದನ್ನೂ ಬುಕ್ ಮಾಡಬೇಡಿ.